ಪೇಟೆಯಲ್ಲಿ ರಾತ್ರಿ ಮಲಗುವವರು

ಬ್ಯಾಂಕುಗಳಲ್ಲಿ ಗೋಡೌನ್ ಕೀಪರ್ ಎಂಬ ಹುದ್ದೆಯೊಂದಿತ್ತು. ಈಗಿನವರು ಅದನ್ನು ಕೇಳಿರಲಾರರು. ಮಂಡಿ ವ್ಯಾಪಾರಿ ತನ್ನ ಅಕ್ಕಿ ಮೂಟೆಗಳನ್ನು ಬ್ಯಾಂಕಿಗೆ ಒತ್ತೆಯಿಟ್ಟು ಸಾಲ ತೆಗೆಯುತ್ತಿದ್ದ. ಮೂಟೆಗಳು ಅವನ ಗೋಡೌನಿನಲ್ಲೇ ಇರುತ್ತಿದ್ದವು. ಬಾಗಿಲಿಗೆ ಮಾತ್ರ ಬ್ಯಾಂಕಿನ ಬೀಗ, ಅದರ ಮೇಲೆ ಬ್ಯಾಂಕಿನ ಹೆಸರು ಬರೆದ ತಗಡಿನ ಬೋರ್ಡು. ಹತ್ತು ಮೂಟೆಯ ದುಡ್ಡು ಕಟ್ಟಿದರೆ ಹತ್ತು ಮೂಟೆ ಹೊರಗೆ ಬರುತ್ತಿತ್ತು. ಬೀಗ ತೆಗೆದು, ಎಣಿಸಿ ಕೊಟ್ಟು, ರಿಜಿಸ್ಟರಿನಲ್ಲಿ ಬರೆದು, ಮತ್ತೆ ಬೀಗ ಜಡಿದು ಬರುವವನೇ ಗೋಡೌನ್ ಕೀಪರ್. ಇದಕ್ಕೆ ಕೀ ಲೋನ್ ಎನ್ನುತ್ತಿದ್ದೆವು. ಎಪ್ಪತ್ತರ ದಶಕದ ಕೊನೆಯಲ್ಲಿ ಕೆಲಸಕ್ಕೆ ಸೇರಿದ ನನ್ನ ಕೈಗೆ ಬಂದದ್ದು ಬೆಂಗಳೂರಿನ ತರಗುಪೇಟೆ ಮತ್ತು ಅಕ್ಕಿಪೇಟೆಯ ಬೀಗಗಳು. ನಾನು ಹುಟ್ಟಿ ಬೆಳೆದದ್ದೂ ಅಕ್ಕಿಪೇಟೆಯ ವಠಾರವೊಂದರಲ್ಲಿ. ಈಗಲೂ ಅದೇ ಗಲ್ಲಿಯಲ್ಲಿದ್ದೇನೆ.

ಆ ಬೀಗದ ಹಿಂದೆ ದೊಡ್ಡ ಕಥೆಯೇ ಇತ್ತು. ಬ್ಯಾಂಕಿನ ದುಡ್ಡಿನಲ್ಲಿ ವ್ಯಾಪಾರಿಗಳು ಧಾನ್ಯ ಕೂಡಿಟ್ಟು ಬೆಲೆ ಏರಿಸಬಾರದೆಂದು ರಿಸರ್ವ್ ಬ್ಯಾಂಕು 1956ರಲ್ಲಿ ಭತ್ತ ಮತ್ತು ಅಕ್ಕಿಯ ಮೇಲಿನ ಸಾಲಕ್ಕೆ ಮಿತಿ ಹಾಕಿತು. ಆಮೇಲೆ ಆ ಪಟ್ಟಿಗೆ ಬೇರೆ ಸರಕುಗಳೂ ಸೇರಿದವು. ಹಾಗಾಗಿ ಯಾವ ಮಂಡಿಯಲ್ಲಿ ಎಷ್ಟು ಮೂಟೆ ಇದೆ ಎಂಬುದು ವ್ಯಾಪಾರಿಯೊಬ್ಬನ ಲೆಕ್ಕವಾಗಿ ಉಳಿಯಲಿಲ್ಲ, ಊರಿನ ಅನ್ನದ ಲೆಕ್ಕವಾಯಿತು. ತಿಂಗಳ ಕೊನೆಗೆ ಮೂಟೆ ಎಣಿಸುವಾಗ ನನಗೆ ಆ ಜವಾಬ್ದಾರಿ ಮೈಮೇಲೆ ಬಂದಂತಾಗುತ್ತಿತ್ತು.

ಎಣಿಸುವುದೆಂದರೆ ಸುಲಭದ ಕೆಲಸವಲ್ಲ. ಮೂಟೆಗಳನ್ನು ಒಂದರ ಮೇಲೊಂದು ಸೂರಿನವರೆಗೆ ಅಟ್ಟಿ ಹಾಕಿರುತ್ತಾರೆ. ಉದ್ದಕ್ಕೆ ಎಷ್ಟು, ಅಗಲಕ್ಕೆ ಎಷ್ಟು, ಎತ್ತರಕ್ಕೆ ಎಷ್ಟು ಎಂದು ಗುಣಿಸಿ ಬರೆದರೆ ಕಾಗದದ ಮೇಲೆ ಲೆಕ್ಕ ಮುಗಿಯುತ್ತದೆ. ಆದರೆ ಅಟ್ಟಿಯ ನಡುವೆ ಬಾವಿಯ ಹಾಗೆ ಖಾಲಿ ಬಿಟ್ಟು ಸುತ್ತ ಮೂಟೆ ನಿಲ್ಲಿಸುವವರೂ ಇದ್ದರು. ನನಗೆ ಇದನ್ನು ಕಲಿಸಿದವರು ಹಮಾಲರ ಮೇಸ್ತ್ರಿ. "ಕೆಳಗೆ ನಿಂತು ಬರ್ಕೊಬೇಡಿ ಸಾರ್. ಮೇಲೆ ಹತ್ತಿ ಒಂದು ಸಲ ನಡೀರಿ. ನಡುವೆ ಟೊಳ್ಳಿದ್ರೆ ನಿಮ್ಮ ಕಾಲಿಗೇ ಗೊತ್ತಾಗುತ್ತೆ" ಎಂದಿದ್ದರು. ಏಣಿ ಹಾಕಿಕೊಂಡು ಹತ್ತಿ, ಸೂರಿನ ಹೆಂಚಿಗೆ ತಲೆ ತಾಗದ ಹಾಗೆ ಬಗ್ಗಿ, ಗೋಣಿಚೀಲಗಳ ಮೇಲೆ ನಡೆಯುತ್ತಿದ್ದೆ. ಮೂಗಿಗೆ ತೌಡಿನ ಧೂಳು, ಕಾಲಡಿಯಲ್ಲಿ ಅಕ್ಕಿ ಕದಲುವ ಸದ್ದು. ಹುಳ ಬೀಳದಂತೆ ಟಾರ್ಪಾಲು ಹೊದಿಸಿ ಔಷಧಿ ಇಟ್ಟ ಗೋಡೌನಾದರೆ ಬಾಗಿಲು ತೆಗೆದು ಹೊತ್ತು ಕಳೆಯುವವರೆಗೂ ಒಳಗೆ ಕಾಲಿಡುತ್ತಿರಲಿಲ್ಲ.

ಆ ಮೇಸ್ತ್ರಿಯ ಕತ್ತನ್ನು ನಾನು ಮರೆಯಲಾರೆ. ಕುತ್ತಿಗೆಯ ಹಿಂಭಾಗದ ಚರ್ಮ ದಪ್ಪಗಟ್ಟಿ ದಿಂಡಿನಂತಾಗಿತ್ತು. ಆಗ ಅಕ್ಕಿ ಮೂಟೆ ಎಂದರೆ ನೂರು ಕಿಲೋ. ತಲೆಗೆ ಸಿಂಬೆ, ಕೈಯಲ್ಲೊಂದು ಕಬ್ಬಿಣದ ಕೊಕ್ಕೆ, ಬೆನ್ನ ಮೇಲೆ ತನ್ನ ಮೈತೂಕಕ್ಕಿಂತ ಹೆಚ್ಚಿನ ಮೂಟೆ. ಗಂಡಸಾದರೂ 55 ಕಿಲೋಗಿಂತ ಹೆಚ್ಚು ಹೊರಿಸಬಾರದು ಎಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿತ್ತು. ಹೊರೆಯ ಮಿತಿ ಕುರಿತ ಅದರ ಒಪ್ಪಂದಕ್ಕೆ ಭಾರತ ಅನುಮೋದನೆ ಕೊಟ್ಟದ್ದು 2010ರಲ್ಲಿ. ಅಷ್ಟು ಹೊತ್ತಿಗೆ ನನ್ನ ಮೇಸ್ತ್ರಿಯ ಪೀಳಿಗೆ ಬೆನ್ನು ಮುರಿದುಕೊಂಡು ಮುಗಿದುಹೋಗಿತ್ತು.

ಅಕ್ಕಿ ಇಲ್ಲಿಗೇ ಏಕೆ ಬಂದು ಬೀಳುತ್ತಿತ್ತು ಎನ್ನುವುದಕ್ಕೆ ನಕ್ಷೆ ನೋಡಿದರೆ ಸಾಕು. ಪೇಟೆಗೂ ಸಿಟಿ ರೈಲು ನಿಲ್ದಾಣಕ್ಕೂ ನಡುವೆ ಗೂಡ್ಸ್‌ಶೆಡ್ ರಸ್ತೆ ಇದೆ. ಈಗಿನ ಹೆಸರು ಟಿ.ಸಿ.ಎಂ. ರಾಯನ್ ರಸ್ತೆ, ನಮ್ಮ ಬಾಯಲ್ಲಿ ಮಾತ್ರ ಇನ್ನೂ ಗೂಡ್ಸ್‌ಶೆಡ್ ರೋಡೇ. ವ್ಯಾಗನ್ನಿನಿಂದ ಇಳಿದ ಸರಕು ಎತ್ತಿನ ಗಾಡಿಯಲ್ಲಿ, ಕೈಗಾಡಿಯಲ್ಲಿ ಪೇಟೆಯೊಳಗೆ ಬರುತ್ತಿತ್ತು. ಕೆಂಪೇಗೌಡರು 1537ರಲ್ಲಿ ಕಟ್ಟಿದ ಪೇಟೆ ಎಂದು ಎಲ್ಲರೂ ಹೇಳುತ್ತಾರೆ, ನಿಜವೇ. ಆದರೆ ನಾನು ಕಂಡ ಅಕ್ಕಿಪೇಟೆಯನ್ನು ಹಿಡಿದು ನಿಲ್ಲಿಸಿದ್ದು ಒಂದು ಕಡೆ ರೈಲು, ಇನ್ನೊಂದು ಕಡೆ ಬಿನ್ನಿ ಮಿಲ್ಲು.

1884ರಲ್ಲಿ ಬೆಂಗಳೂರು ಉಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಎಂಬ ಹೆಸರಿನಲ್ಲಿ ಶುರುವಾದ ಆ ಗಿರಣಿ ಎರಡೇ ವರ್ಷಕ್ಕೆ ಮದರಾಸಿನ ಬಿನ್ನಿ ಕಂಪನಿಯ ಕೈಗೆ ಬಂತು. ನಮ್ಮಪ್ಪ ಅಲ್ಲಿ ನೇಯ್ಗೆ ವಿಭಾಗದಲ್ಲಿದ್ದರು. ನಮ್ಮ ವಠಾರದಲ್ಲಿ ಗಡಿಯಾರ ಇದ್ದದ್ದು ಒಂದೇ ಮನೆಯಲ್ಲಿ, ಅದನ್ನೂ ಯಾರೂ ನೋಡುತ್ತಿರಲಿಲ್ಲ. ಮಿಲ್ಲಿನ ಸೈರನ್ ಕೂಗಿದರೆ ಒಲೆ ಹಚ್ಚುವುದು, ಮತ್ತೆ ಕೂಗಿದರೆ ಬುತ್ತಿ ಕಟ್ಟುವುದು. ಬೆಳಗಿನ ಪಾಳಿಗೆ ಹೊರಟವರು ಅರಳೇಪೇಟೆ ದಾಟಿ ಗುಂಪು ಗುಂಪಾಗಿ ನಡೆದುಹೋಗುತ್ತಿದ್ದರು. ನಮ್ಮಮ್ಮನ ಕೈ ಸದಾ ಕಪ್ಪು. ಅಗರಬತ್ತಿ ಹೊಸೆಯುತ್ತಿದ್ದರು. ಪಕ್ಕದ ಮನೆಯವರು ಬೀಡಿ ಕಟ್ಟುತ್ತಿದ್ದರು. ಎದುರು ಮನೆಯ ಅಜ್ಜಿ ಮಂಡಿಯ ಮುಂದೆ ಚೆಲ್ಲಿದ ಅಕ್ಕಿ ಗುಡಿಸಿ ತಂದು, ಕಲ್ಲು ಆರಿಸಿ, ನುಚ್ಚು ಬೇರೆ ಅಕ್ಕಿ ಬೇರೆ ಮಾಡಿ ಮಾರುತ್ತಿದ್ದರು. ಗುಡಿಸುವ ಆ ಹಕ್ಕೂ ಯಾವ ಮಂಡಿ ಯಾರಿಗೆ ಎಂದು ಹಂಚಿಹೋಗಿತ್ತು.

ಒಂದು ವಠಾರ, ಒಂದು ನಲ್ಲಿ, ಸಾಲಾಗಿ ಮನೆಗಳು. ಒಂದೇ ಅಂಗಳದಲ್ಲಿ ಕನ್ನಡ, ತೆಲುಗು, ತಮಿಳು, ಮರಾಠಿ, ಉರ್ದು. ಆ ಕಾಲದಲ್ಲಿ ಎಲ್ಲ ಸೌಹಾರ್ದ, ಈಗ ಎಲ್ಲ ಹಾಳು ಎಂದು ಬರೆಯಲು ನಾನು ತಯಾರಿಲ್ಲ. ಪಕ್ಕದ ಸುಲ್ತಾನ್‌ಪೇಟೆಯಲ್ಲೇ 1928ರಲ್ಲಿ ಶಾಲೆಯ ಗಣಪತಿಯ ವಿಚಾರಕ್ಕೆ ಗಲಭೆಯಾಗಿ, ಅದರ ವಿಚಾರಣೆಗೆ ಸರ್ ಎಂ. ವಿಶ್ವೇಶ್ವರಯ್ಯನವರ ಸಮಿತಿ ಕೂರಬೇಕಾಯಿತು. ನಲ್ಲಿಯ ಮುಂದೆ ಜಾತಿಯ ಸಾಲೂ ಇತ್ತು, ಬೈಗುಳವೂ ಇತ್ತು. ಆದರೆ ದುಡಿಯುವವನು ದುಡಿಯುವ ಜಾಗದ ಪಕ್ಕದಲ್ಲೇ ಹೆಂಡತಿ ಮಕ್ಕಳೊಂದಿಗೆ ಬದುಕಲು ಸಾಧ್ಯವಿತ್ತು. ನನ್ನ ಮಟ್ಟಿಗೆ ಪೇಟೆಯ ಪೇಟೆತನ ಅದೇ.

ಈಗ ಆ ಸಂಸಾರಗಳು ಇಲ್ಲಿಲ್ಲ. ಆದರೆ ಪೇಟೆ ಖಾಲಿಯಾಗಿದ್ದು ಇದೇ ಮೊದಲಲ್ಲ. 1898ರಲ್ಲಿ ಪ್ಲೇಗು ಬಂದಾಗ ಜನ ಮನೆ ಬಿಟ್ಟು ಊರ ಹೊರಗಿನ ಶೆಡ್ಡುಗಳಿಗೆ ಹೋದರು. ಗಾಳಿ ಬೆಳಕಿನ ಬಡಾವಣೆ ಬೇಕೆಂದು ಬಸವನಗುಡಿ, ಮಲ್ಲೇಶ್ವರ ಬೆಳೆದವು. ಚಾಮರಾಜಪೇಟೆ ಅದಕ್ಕೂ ಮೊದಲೇ, 1892ರಲ್ಲಿ, ಬಂದಿತ್ತು. ಕೈಯಲ್ಲಿ ಕಾಸಿದ್ದವರು ಅತ್ತ ಹೋದರು. ಮಗ್ಗ, ಮಂಡಿ, ಗಿರಣಿ ಬಿಟ್ಟು ಹೋಗಲಾರದವರು ಪ್ಲೇಗು ಇಳಿದ ಮೇಲೆ ಇಲ್ಲಿಗೇ ಬಂದರು. ಆಗ ವಾಪಸು ಬರಲು ಮನೆಗಳಿದ್ದವು.

ಈ ಸಲದ ಕಥೆ ಬೇರೆ, ಅದೂ ಒಂದೇ ದಿನದಲ್ಲಿ ಆದದ್ದಲ್ಲ. ಕೃಷಿ ಉತ್ಪನ್ನವನ್ನು ನಿಯಂತ್ರಿತ ಮಾರುಕಟ್ಟೆ ಪ್ರಾಂಗಣದಲ್ಲೇ ವ್ಯಾಪಾರ ಮಾಡಬೇಕೆಂಬ ಕಾಯ್ದೆ 1966ರದು. ಪೇಟೆಯ ಧಾನ್ಯ ವ್ಯಾಪಾರಿಗಳು ಬಹಳ ಕಾಲ ಕದಲಲಿಲ್ಲ. ಆಮೇಲೆ ಒಂದೊಂದೇ ಮಂಡಿ ಯಶವಂತಪುರದ ಯಾರ್ಡಿಗೆ ಹೋಯಿತು. ಲಾರಿಯಲ್ಲಿ ಬರುವ ಸರಕಿಗೆ ಗೂಡ್ಸ್‌ಶೆಡ್ಡಿನ ಹಂಗು ಬೇಕಿರಲಿಲ್ಲ. ಪೇಟೆಯ ಬೀದಿಯಲ್ಲಿ ಹಗಲು ಲಾರಿ ತಿರುಗಿಸುವುದೂ ಕಷ್ಟವಾಗಿತ್ತು. ನನ್ನ ಬೀಗಗಳು ಹಾಗೆ ಕಡಿಮೆಯಾಗುತ್ತ ಬಂದವು. ಹಮಾಲರಲ್ಲಿ ಕೆಲವರು ಯಾರ್ಡಿಗೆ ಹೋದರು, ಬಹಳ ಮಂದಿ ಊರಿಗೆ ಹೋದರು. ಈಗ ಅಕ್ಕಿಪೇಟೆಯ ಮುಖ್ಯರಸ್ತೆಯಲ್ಲಿ ಓಡಾಡಿದರೆ ಕಾಣುವುದು ಪ್ಲಾಸ್ಟಿಕ್ ಕವರು, ಪ್ಯಾಕಿಂಗ್ ರಟ್ಟು, ಔಷಧಿಯ ಸಗಟು ಅಂಗಡಿ.

ಮಿಲ್ಲುಗಳ ಗತಿ ಎಲ್ಲರಿಗೂ ಗೊತ್ತಿದ್ದದ್ದೇ. ಮಲ್ಲೇಶ್ವರದ ರಾಜಾ ಮಿಲ್ಲಿನ ಜಾಗದಲ್ಲಿ ಮಂತ್ರಿ ಮಾಲ್ ಎದ್ದಿತು. ಮಿನರ್ವಾ ಮಿಲ್ಲಿನ ಹೆಸರು 1980ರ ಸುಪ್ರೀಂ ಕೋರ್ಟ್ ತೀರ್ಪಿನಿಂದಾಗಿ ಕಾನೂನು ವಿದ್ಯಾರ್ಥಿಗಳಿಗೆಲ್ಲ ಬಾಯಿಪಾಠ, ಮಿಲ್ಲು ಮಾತ್ರ ಇಲ್ಲ. ಬಿನ್ನಿಯ ಜಾಗದಲ್ಲಿ ಅಪಾರ್ಟ್‌ಮೆಂಟ್ ಗೋಪುರಗಳೂ ಮಾಲೂ ಬಂದಿವೆ. ಅಪ್ಪ ಅಷ್ಟರೊಳಗೆ ನಿವೃತ್ತರಾಗಿದ್ದರು. ಅವರ ಜೊತೆಗಾರರ ಮಕ್ಕಳಲ್ಲಿ ಆ ಗೋಪುರಗಳಲ್ಲಿ ಮನೆ ಕೊಂಡವರನ್ನು ನಾನು ಕಾಣೆ. ಕಾವಲಿಗೆ ಹೋಗುವವರು ಇದ್ದಾರೆ.

ಸರಕು ಬದಲಾದದ್ದಕ್ಕೆ ನನಗೆ ಬೇಸರವಿಲ್ಲ. ಪೇಟೆಯೆಂದ ಮೇಲೆ ಸರಕು ಬದಲಾಗಲೇಬೇಕು. ಅಕ್ಕಿ ಹೋಗಿ ರಟ್ಟು ಬಂದರೆ ಹೊರುವವನಿಗೆ ಒಂದಿಷ್ಟು ಬೆನ್ನಾದರೂ ಉಳಿಯುತ್ತದೆ. ರಾಜಸ್ಥಾನ, ಗುಜರಾತಿನಿಂದ ಬಂದ ವ್ಯಾಪಾರಿಗಳ ಮೇಲೂ ನನಗೆ ಸಿಟ್ಟಿಲ್ಲ. ನಾನು ಬೀಗ ತೆಗೆದು ಕೊಟ್ಟ ಮಂಡಿಗಳ ಯಜಮಾನರಲ್ಲೂ ಎಷ್ಟೋ ಮಂದಿ ಎರಡು ತಲೆಮಾರಿನ ಹಿಂದೆ ಹೊರಗಿಂದ ಬಂದವರೇ ಆಗಿದ್ದರು. ನನಗೆ ಸಂಕಟವಾಗುವುದು ಮನೆಗಳು ಹೋದದ್ದಕ್ಕೆ.

ಮನೆ ಹೇಗೆ ಗೋಡೌನಾಗುತ್ತದೆ ಎನ್ನುವುದನ್ನು ನಮ್ಮ ಗಲ್ಲಿಯಲ್ಲೇ ನೋಡಿದ್ದೇನೆ. ಹಳೆಯ ಬಾಡಿಗೆ ಕಾಯ್ದೆಯ ಕಾಲದಿಂದ ಇದ್ದ ಬಾಡಿಗೆದಾರರು ಕೊಡುತ್ತಿದ್ದದ್ದು ಪುಡಿಗಾಸು. ಅದರಲ್ಲಿ ಹೆಂಚು ಬದಲಿಸುವುದಕ್ಕೂ ಆಗದು ಎಂದು ಮಾಲೀಕ ಕೈಬಿಟ್ಟ. ಸೋರುವ ಮನೆಯಲ್ಲಿ ಮಳೆಗಾಲ ಕಳೆದು ಕಳೆದು ಬಾಡಿಗೆದಾರ ಬೇಸತ್ತ. ಕೊನೆಗೊಂದು ಮೊತ್ತಕ್ಕೆ ಒಪ್ಪಿಕೊಂಡು ಬಿಟ್ಟು ಹೋದ. ಅಷ್ಟರಲ್ಲಿ ಮಾಲೀಕನ ಮನೆಯಲ್ಲೂ ಪಾಲಾಗಿ, ಮೊದಲೇ ಸಣ್ಣದಾಗಿದ್ದ ನಿವೇಶನ ಅಣ್ಣತಮ್ಮಂದಿರ ನಡುವೆ ಉದ್ದುದ್ದ ಪಟ್ಟಿಗಳಾಯಿತು. ಅಷ್ಟು ಅಗಲದಲ್ಲಿ ಸಂಸಾರದ ಮನೆ ಕಟ್ಟಿದರೆ ಗಾಳಿಯಿಲ್ಲ, ಬೆಳಕಿಲ್ಲ, ಬಾಡಿಗೆಯೂ ಹುಟ್ಟದು. ನಾಲ್ಕು ಅಂತಸ್ತು ಎಬ್ಬಿಸಿ ಗೋಡೌನಿಗೆ ಕೊಟ್ಟರೆ ಮುಂಗಡವೇ ಲಕ್ಷಗಟ್ಟಲೆ. ಯಾರನ್ನೂ ಬೈಯುವ ಹಾಗಿಲ್ಲ. ಅವರವರ ಮಟ್ಟಿಗೆ ಅವರವರ ಲೆಕ್ಕ ಸರಿಯೇ.

ಇದಕ್ಕೆ ಇನ್ನೊಂದು ಕಾರಣವೂ ಇದೆ, ಅದನ್ನು ಯಾರೂ ಹೇಳುವುದಿಲ್ಲ. 2005ರಲ್ಲಿ ಟಾಟಾ ಏಸ್ ಗಾಡಿ ಬಂತು. ಅದಕ್ಕೆ ಮುಂಚೆ ಲಾರಿ ನಿಲ್ಲುವ ಮುಖ್ಯರಸ್ತೆಯ ಕಟ್ಟಡಗಳಿಗೆ ಮಾತ್ರ ಗೋಡೌನಿನ ಬೆಲೆ. ಒಳಗಲ್ಲಿಗಳು ವಾಸಕ್ಕೆ ಉಳಿದಿದ್ದವು, ಏಕೆಂದರೆ ಅಲ್ಲಿಗೆ ಸರಕು ಸಾಗಿಸಲು ತಲೆಹೊರೆಯ ಕೂಲಿ ಕೊಡಬೇಕಿತ್ತು. ಈ ಪುಟ್ಟ ಗಾಡಿ ಗಲ್ಲಿಯ ತಿರುವಿನಲ್ಲೂ ನುಗ್ಗಿ, ಮನೆಬಾಗಿಲಿಗೆ ಹಿಂಬದಿ ಕೊಟ್ಟು ನಿಲ್ಲುತ್ತದೆ. ಅದು ಬಂದ ಮೇಲೆ ಒಳಗಲ್ಲಿಯ ಹೊಸಿಲಿಗೂ ಮಂಡಿಯ ಬೆಲೆ ಬಂತು. ಅದೇ ಗಾಡಿ ನಮ್ಮ ಎಷ್ಟೋ ಹುಡುಗರಿಗೆ ಸ್ವಂತ ದುಡಿಮೆಯನ್ನೂ ಕೊಟ್ಟಿತು. ಎರಡೂ ನಿಜ.

ನಮ್ಮ ಗಲ್ಲಿಯಿಂದ ಹೋದವರು ವಿಜಯನಗರಕ್ಕೆ, ಬಸವೇಶ್ವರನಗರಕ್ಕೆ, ನಾಗರಬಾವಿಗೆ ಹೋದರು. 2017ರ ಜೂನ್‌ನಲ್ಲಿ ಚಿಕ್ಕಪೇಟೆಯಲ್ಲಿ ಮೆಟ್ರೋ ನಿಲ್ದಾಣ ತೆರೆದ ಮೇಲೆ ಅವರಲ್ಲಿ ಕೆಲವರು ಬೆಳಿಗ್ಗೆ ಅಂಗಡಿಗೆ ಬಂದು ರಾತ್ರಿ ಮನೆಗೆ ಹೋಗುತ್ತಾರೆ. ಚೈತ್ರ ಪೂರ್ಣಿಮೆಯ ಕರಗದ ರಾತ್ರಿ ಎಲ್ಲರೂ ಬರುತ್ತಾರೆ. ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಹೊರಟ ಕರಗ ಅರಳೇಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗುವ ರಾತ್ರಿ ಅದು. ಅವತ್ತು ನಮ್ಮ ಮನೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಳೆ ವಠಾರದವರು ಮಕ್ಕಳು ಮೊಮ್ಮಕ್ಕಳನ್ನು ಕಟ್ಟಿಕೊಂಡು ಬಂದು, ಪಾನಕ ಕುಡಿದು, ಮಹಡಿ ಮೇಲೆ ಚಾಪೆ ಹಾಸಿಕೊಂಡು ಮಾತಾಡುತ್ತಾರೆ. "ನೀವೊಬ್ರು ಇಲ್ಲಿರೋದಕ್ಕೆ ನಮಗೆ ಬರೋಕೆ ಒಂದು ಮನೆ ಇದೆ ಅಣ್ಣಾ" ಎನ್ನುತ್ತಾಳೆ ಎದುರು ಮನೆಯ ಅಜ್ಜಿಯ ಮೊಮ್ಮಗಳು. ಕೇಳಲು ಹಿತವೇ. ಆದರೆ ಉಳಿದ ದಿನಗಳಲ್ಲಿ ಒಂಬತ್ತು ಗಂಟೆಗೆ ಶಟರುಗಳು ಇಳಿದ ಮೇಲೆ ನಮ್ಮ ಗಲ್ಲಿಯಲ್ಲಿ ದೀಪ ಉರಿಯುವ ಅಡುಗೆಮನೆ ನಮ್ಮದೊಂದೇ.

ಹಾಗೆಂದು ರಾತ್ರಿ ಅಲ್ಲಿ ಜನರಿಲ್ಲವೇ? ಇದ್ದಾರೆ, ಬಹಳ ಇದ್ದಾರೆ. ಶಟರಿನ ಒಳಗೆ, ಮೂರನೇ ಮಹಡಿಯಲ್ಲಿ, ಪ್ಲಾಸ್ಟಿಕ್ ಸುರುಳಿಗಳ ನಡುವೆ ಹಾಸಿಗೆ ಬಿಚ್ಚುವ ಹುಡುಗರು. ಕಲಬುರಗಿ, ಯಾದಗಿರಿಯವರಿದ್ದಾರೆ, ರಾಜಸ್ಥಾನದವರಿದ್ದಾರೆ, ಬಿಹಾರ, ಒಡಿಶಾದವರಿದ್ದಾರೆ. ಕೆಲಸ ಹಗಲೆಲ್ಲ ಹೊರುವುದೇ. ನೂರು ಕಿಲೋದ ಮೂಟೆ ಈಗಿಲ್ಲ, ಆದರೆ ಲಿಫ್ಟಿಲ್ಲದ ಕಡಿದಾದ ಮೆಟ್ಟಿಲು ಇದೆ. ಕೂಲಿ ನಗಕ್ಕೆ, ಎಂದರೆ ಒಂದೊಂದು ಕಟ್ಟಿಗೆ, ಇಷ್ಟು ಎಂದು. ಬಾಡಿಗೆ ಕೊಡಬೇಕಿಲ್ಲ ಎನ್ನುವುದೇ ಸಂಬಳದ ಒಂದು ಭಾಗ, ಬದಲಿಗೆ ರಾತ್ರಿ ಕಾವಲೂ ಅವರದೇ. ನನ್ನ ಬೀಗದ ಕೆಲಸವನ್ನು ಈಗ ಅವರ ದೇಹಗಳು ಮಾಡುತ್ತಿವೆ. ಕೆಲವು ಕಡೆ ಮಾಲೀಕ ಹೊರಗಿನಿಂದ ಶಟರಿಗೆ ಬೀಗ ಹಾಕಿಕೊಂಡು ಹೋಗುತ್ತಾನೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಜಗಳವನ್ನೂ ಆಡಿದ್ದೇನೆ. ಸರಕಿಗೆ ಬೀಗ ಹಾಕುವುದೇ ನನ್ನ ಉದ್ಯೋಗವಾಗಿತ್ತು. ಒಳಗೆ ಮನುಷ್ಯರಿಲ್ಲ ಎಂದು ಖಚಿತವಾಗದೆ ಒಂದು ದಿನವೂ ಹಾಕಿದವನಲ್ಲ.

ಅದು ಬರೀ ಮನಸ್ಸಿನ ಕಸಿವಿಸಿಯಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಹೊಸ ತರಗುಪೇಟೆಯ ಗೋಡೌನೊಂದರಲ್ಲಿ ಪಟಾಕಿ ಸಿಡಿದು ಜೀವಗಳು ಹೋದವು. 2025ರ ಆಗಸ್ಟ್‌ನಲ್ಲಿ ನಗರ್ತಪೇಟೆಯ ಕಟ್ಟಡಕ್ಕೆ ಬೆಂಕಿ ಬಿದ್ದು ಐವರು ಸತ್ತರು. ಅವರಲ್ಲಿ ಮೇಲಿನ ಮಹಡಿಯಲ್ಲಿ ವಾಸವಿದ್ದ ಒಂದು ಇಡೀ ಸಂಸಾರವಿತ್ತು. ಕೆಳಗೆ ಸರಕು, ಮೇಲೆ ಜನ, ನಡುವೆ ಒಂದೇ ಮೆಟ್ಟಿಲು. ಪೇಟೆಯ ಯಾವ ಬೀದಿಗೆ ಹೋದರೂ ಇಂಥ ಕಟ್ಟಡ ಸಿಗುತ್ತದೆ. ಹಿಂದೆ ಸಂಸಾರಗಳಿದ್ದಾಗ ಗಲ್ಲಿಗೆ ಕಣ್ಣಿತ್ತು. ಹೊಗೆ ಕಂಡರೆ ಬಿಂದಿಗೆ ಹಿಡಿದು ಓಡುವವರಿದ್ದರು, ಯಾವ ಮನೆಯಲ್ಲಿ ಎಷ್ಟು ಮಂದಿ ಎಂದು ಎಲ್ಲರಿಗೂ ಗೊತ್ತಿತ್ತು. ಈಗ ಬೆಂಕಿ ಬಿದ್ದರೆ ಒಳಗೆ ಎಷ್ಟು ಮಂದಿ ಇದ್ದಾರೆ ಎಂದು ಅಗ್ನಿಶಾಮಕದವರು ಕೇಳಿದಾಗ ಉತ್ತರ ಹೇಳಲು ಪಕ್ಕದ ಮನೆಯೇ ಇಲ್ಲ.

ಹಳೆ ಪೇಟೆಯನ್ನು ಉಳಿಸಬೇಕು ಎನ್ನುವ ಸಭೆಗಳಿಗೆ ನಾನೂ ಹೋಗುತ್ತೇನೆ. ಅಲ್ಲಿ ಗುಡಿಗಳ ಮಾತು, ಕಂಬಗಳ ಮಾತು, ಹೆರಿಟೇಜ್ ವಾಕಿನ ಮಾತು ಆಗುತ್ತದೆ. ಎಲ್ಲವೂ ಬೇಕು. ಆದರೆ ಅಕ್ಕಿಪೇಟೆಯ ಹುಡುಗರು ಎಲ್ಲಿ ಮಲಗುತ್ತಾರೆ ಎಂದು ಕೇಳಿದರೆ ಸಭೆ ಸುಮ್ಮನಾಗುತ್ತದೆ. ದುಡಿಯುವವರ ವಾಸವಿಲ್ಲದ ಪೇಟೆ ಹಗಲು ಎಷ್ಟೇ ಗಿಜಿಗುಡಲಿ, ನನ್ನ ಲೆಕ್ಕದಲ್ಲಿ ಅದು ನಡುವೆ ಟೊಳ್ಳಿರುವ ಅಟ್ಟಿ.

ಕೈಲಾದದ್ದನ್ನು ಮಾಡುತ್ತಿದ್ದೇನೆ. ಸಂಜೆ ನಮ್ಮ ಜಗಲಿಯ ಮೇಲೆ ಕೂತು ಹುಡುಗರ ಅರ್ಜಿಗಳನ್ನು ತುಂಬಿಕೊಡುತ್ತೇನೆ. ಬ್ಯಾಂಕಿನಲ್ಲಿ ಕಲಿತ ವಿದ್ಯೆ. ಹಮಾಲರಿಗೆ ರಾಜ್ಯದ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿಯ ಗುರುತಿನ ಚೀಟಿ ಇದೆ, ಅಪಘಾತಕ್ಕೆ ಪರಿಹಾರ ಇದೆ. 2021ರಲ್ಲಿ ಶುರುವಾದ ಇ-ಶ್ರಮ್ ನೋಂದಣಿ ಇದೆ. ಮನೆವಿಳಾಸದ ಕಾಲಂ ಬಂದಾಗಲೇ ಎಲ್ಲ ನಿಲ್ಲುವುದು. ಗೋಡೌನಿನ ಮಾಲೀಕ ಬಾಡಿಗೆ ಕರಾರು ಬರೆದುಕೊಡುವುದಿಲ್ಲ, ಏಕೆಂದರೆ ಕಾಗದದ ಮೇಲೆ ಅಲ್ಲಿ ಯಾರೂ ವಾಸವಿಲ್ಲ.

ಪಡಿತರದ ವಿಚಾರದಲ್ಲಿ ಮಾತ್ರ ದಾರಿ ಸಿಕ್ಕಿತು. ಬೇರೆ ರಾಜ್ಯದ ಪಡಿತರ ಚೀಟಿ ಇದ್ದರೂ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ತನ್ನ ಪಾಲು ತೆಗೆದುಕೊಳ್ಳಬಹುದು, ಉಳಿದವರ ಪಾಲನ್ನು ಮನೆಯವರು ಊರಿನಲ್ಲಿ ಪಡೆಯಬಹುದು. ಕೇಂದ್ರದ ಈ ವ್ಯವಸ್ಥೆಗೆ ಕರ್ನಾಟಕ 2020ರಲ್ಲೇ ಸೇರಿದೆ. ನಮ್ಮ ಎದುರಿನ ಗೋಡೌನಿನ ಬಿಹಾರಿ ಹುಡುಗನಿಗೆ ಇದು ಗೊತ್ತಿರಲಿಲ್ಲ. ಕರೆದುಕೊಂಡು ಹೋದೆ. ಮೊದಲ ಅಂಗಡಿಯವರು ಆಗುವುದಿಲ್ಲ ಎಂದರು, ಎರಡನೆಯವರು ಯಂತ್ರದಲ್ಲಿ ಹಾಕಿ ನೋಡಿ ಕೊಟ್ಟರು. ಚೀಲ ಹಿಡಿದು ಬರುವಾಗ ಅವನು ಕೇಳಿದ: "ಅಂಕಲ್, ಇದು ಬೇಯಿಸೋದು ಎಲ್ಲಿ?"

ಗೋಡೌನಿನಲ್ಲಿ ಒಲೆ ಹಚ್ಚುವಂತಿಲ್ಲ, ಹಚ್ಚಲೂಬಾರದು. ಈಗ ಅವನ ಅಕ್ಕಿ ನಮ್ಮ ಮನೆಯ ಡಬ್ಬದಲ್ಲಿದೆ. ಭಾನುವಾರ ಅವನೂ ಅವನ ಜೊತೆಯವರೂ ನಮ್ಮ ಹಿತ್ತಲಿನಲ್ಲಿ ಅಡುಗೆ ಮಾಡಿಕೊಳ್ಳುತ್ತಾರೆ. ಪೇಟೆಯಲ್ಲಿ ಪಾಲಿಕೆಯ ಕೈಯಲ್ಲಿರುವ ಹಳೆಯ ಕಟ್ಟಡಗಳಲ್ಲಿ ಒಂದನ್ನಾದರೂ ಹಮಾಲರ ವಸತಿಗೆ ಕೊಡಿ, ಅಡುಗೆಮನೆ ಇರಲಿ, ಎರಡು ಕಡೆ ಮೆಟ್ಟಿಲು ಇರಲಿ, ಅಲ್ಲಿದ್ದವರಿಗೆ ವಿಳಾಸದ ಕಾಗದ ಸಿಗಲಿ ಎಂದು ಒಂದು ಅರ್ಜಿ ಬರೆದಿದ್ದೇನೆ. ಹುಡುಗರು ಸಹಿ ಹಾಕುತ್ತಿದ್ದಾರೆ. ನಗರ್ತಪೇಟೆ, ಮಾಮೂಲ್‌ಪೇಟೆಯವರೂ ಸೇರಿದ ಮೇಲೆ ಕೊಟ್ಟು ಬರುತ್ತೇನೆ.